ಹುಳು ಗೂಡು ಕಟ್ಟಿದ ಮೇಲೆ ಹೊರಟ ಸೈಕಲ್ಲುಗಳು

ಅವರ ಬಲಗಾಲಿನ ಗಿಣ್ಣಿನ ಒಳಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಗುರುತೊಂದು ಸದಾ ಇರುತ್ತಿತ್ತು. ನೋಡಿದವರು ಮಚ್ಚೆಯೆಂದು ತಿಳಿಯುತ್ತಿದ್ದರು. ಅದು ಸೈಕಲ್ ಚೈನಿನ ಎಣ್ಣೆ. ಕಾಲೇಜಿನ ವಾರ್ಷಿಕೋತ್ಸವದಂದು ರೇಷ್ಮೆ ಸೀರೆಯುಟ್ಟು ವೇದಿಕೆಯ ಮೇಲೆ ಕುಳಿತಾಗಲೂ ನಿರಿಗೆಯ ಅಂಚಿನ ಕೆಳಗೆ ಆ ಗುರುತು ಕಾಣುತ್ತಿತ್ತು. ಅವರು ಅದನ್ನು ಮರೆಮಾಡಲು ಕಾಲು ಹಿಂದಕ್ಕೆಳೆದುಕೊಂಡದ್ದನ್ನು ನಾನು ಕಾಣೆ.

ರಾಮನಗರದ ನಮ್ಮ ಪದವಿ ಕಾಲೇಜಿನಲ್ಲಿ ಅವರು ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದರು. ಬಾಗಿಲ ಫಲಕದಲ್ಲಿ ಹಾಗೆಂದು ಬರೆದಿತ್ತು. ನಮ್ಮ ಬಾಯಲ್ಲಿ ಮಾತ್ರ ಅವರು ಆಟದ ಮೇಡಂ. ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗಳು. ಅಧ್ಯಾಪಕರ ಮುಂದೆ ಬಾಯಿ ತೆರೆದರೆ ತಪ್ಪು ಮಾತು ಹೊರಬಿದ್ದೀತೆಂದು ಹೆದರಿ ಮೊದಲ ವರ್ಷವನ್ನು ಬಹುಪಾಲು ತಲೆಯಾಡಿಸುತ್ತಲೇ ಕಳೆದಿದ್ದೆ. ಮೇಡಂ ಕನಕಪುರದ ಕಡೆಯವರು. ಪ್ರಾಂಶುಪಾಲರೊಡನೆ ಪುಸ್ತಕದ ಕನ್ನಡ ಆಡಿ, ಮರುಗಳಿಗೆಯೇ ನಮ್ಮತ್ತ ತಿರುಗಿ, "ಏನಮ್ಮಿ, ಟೈರ್‌ಗೆ ಒಸಿ ಗಾಳಿ ಹೊಡ್ಕಬಾರ್ದಾ?" ಎನ್ನುತ್ತಿದ್ದರು. ಎರಡನ್ನೂ ಒಂದೇ ನಾಲಿಗೆ ಇಷ್ಟು ಧೈರ್ಯವಾಗಿ ಆಡಬಹುದೆಂಬುದೇ ನನಗೆ ದೊಡ್ಡ ಸೋಜಿಗವಾಗಿತ್ತು.

ನಾನು ಎರಡನೆಯ ವರ್ಷದಲ್ಲಿದ್ದಾಗ ಮೇಡಂ ಎಂಟು ಹುಡುಗಿಯರನ್ನು ಆರಿಸಿ, ಕನಕಪುರ, ಸಾತನೂರು, ಮಳವಳ್ಳಿ, ಕೊಳ್ಳೇಗಾಲಗಳ ಹಾದಿಯಾಗಿ ಮಲೆ ಮಹದೇಶ್ವರ ಬೆಟ್ಟದವರೆಗೆ ಸೈಕಲ್ ಪ್ರವಾಸ ಹೋಗಲು ನಿಶ್ಚಯಿಸಿದರು. ದಾರಿಯುದ್ದಕ್ಕೂ ಡೇರೆಯಲ್ಲಿ ವಾಸ, ಅಡುಗೆ ನಮ್ಮದೇ. ಹಿಂದಿನ ರಜೆಯಲ್ಲಿ ಅವರೊಬ್ಬರೇ ಆ ದಾರಿಯನ್ನು ತುಳಿದು, ಡೇರೆ ಹಾಕುವ ಜಾಗಗಳನ್ನು ನೋಡಿಬಂದಿದ್ದರು. ಶಾಲೆಯ ಅಂಗಳ, ಅಕ್ಕಿ ಗಿರಣಿಯ ಕಣ, ಯಾರದೋ ತೆಂಗಿನ ತೋಟ. ಜಾಗ ಆರಿಸುವುದು ಹೇಗೆಂದು ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ನಾನು ಈಗಲೂ ಪಾಲಿಸುತ್ತೇನೆ: "ನೀರು ಆಮೇಲೆ ನೋಡು. ಮೊದ್ಲು ಪಕ್ಕದ ಮನೇಲಿ ಹೆಂಗಸ್ರು ಅವ್ರಾ ನೋಡು."

ಆದರೆ ನನ್ನನ್ನು ಬೆರಗುಗೊಳಿಸಿದ್ದು ಅವರು ದಿನಾಂಕ ಗೊತ್ತುಮಾಡಿದ ರೀತಿ. ಬೇರೆ ಯಾರಾದರೂ ಆಗಿದ್ದರೆ ಪರೀಕ್ಷೆಯ ವೇಳಾಪಟ್ಟಿಯನ್ನು ನೋಡುತ್ತಿದ್ದರು. ಮೇಡಂ ನಮ್ಮನ್ನು ಕೂರಿಸಿಕೊಂಡು, "ಯಾರ್ ಯಾರ್ ಮನೇಲಿ ಹುಳ ಸಾಕ್ತೀರಿ? ಎಲ್ಲಿಗೆ ಬಂದವೆ?" ಎಂದು ಕೇಳಿದರು. ಎಂಟು ಮಂದಿಯಲ್ಲಿ ಐವರದು ರೇಷ್ಮೆ ಬೆಳೆಯುವ ಮನೆ. ಹುಳು ನಾಲ್ಕನೆಯ ಸಲ ಪೊರೆ ಕಳಚಿ ಜ್ವರದಿಂದ ಎದ್ದ ಮೇಲೆ ಹಗಲಿರುಳೆನ್ನದೆ ಸೊಪ್ಪು ಕೇಳುತ್ತದೆ. ಆಗ ಮನೆಯ ಹೆಣ್ಣುಮಕ್ಕಳನ್ನು ಯಾರೂ ಹೊರಗೆ ಕಳುಹಿಸುವುದಿಲ್ಲ. ಹುಳು ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಗಿ, ಹುಳುಮನೆಯನ್ನು ತೊಳೆದು ಕೆಲವು ದಿನ ಹಾಗೆಯೇ ಬಿಟ್ಟಿರುತ್ತಾರಲ್ಲ, ಆ ಬಿಡುವೊಂದೇ ನಮ್ಮ ಪಾಲಿನದು. ಐದು ಮನೆಗಳಲ್ಲಿ ಅದು ಐದು ಬೇರೆ ಬೇರೆ ವಾರಗಳಲ್ಲಿ ಬರುತ್ತಿತ್ತು. ಮೇಡಂ ಐದೂ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ, ಮುಂದಿನ ಬೆಳೆಗೆ ಎಲ್ಲರೂ ಒಂದೇ ದಿನ ಚಾಕಿ ಮರಿಹುಳು ತರುವಂತೆ ಒಪ್ಪಿಸಿಬಿಟ್ಟರು. ಒಂದು ಪ್ರವಾಸಕ್ಕಾಗಿ ಮೂರು ತಾಲ್ಲೂಕುಗಳ ಹುಳುಗಳು ಒಟ್ಟಿಗೆ ಮಲಗಿ ಒಟ್ಟಿಗೆ ಏಳುವಂತೆ ಮಾಡಿದವರನ್ನು ನಾನು ಬೇರೆ ನೋಡಿಲ್ಲ.

ತಿಪ್ಪಸಂದ್ರದ ಕಡೆಯ ನಮ್ಮ ಊರಿಗೆ ಅವರು ಬಂದಾಗ ಅಪ್ಪ ಸುಲಭಕ್ಕೆ ಬಗ್ಗಲಿಲ್ಲ. "ಹೆಣ್ಮಕ್ಳು ಬೆಟ್ಟಕ್ಕೆ ನಡ್ಕಂಡು ಹೋಗಾದ್ ಕಂಡಿವ್ನಿ, ಹರಕೆ ಹೊತ್ಕಂಡು. ಸೈಕಲ್ ತುಳ್ಕಂಡು, ಡೇರೆ ಕಟ್ಕಂಡು ಹೋಗಾದು ಯಾವ್ ಹರಕೆ ಮೇಡಮ್ಮಾರೇ?" ಎಂದರು.

"ಹರಕೆ ನಂದು ಅಂದ್ಕಳಣ್ಣ. ಮಗಳನ್ನ ಒಸಿ ಎರವಲು ಕೊಡಿ," ಎಂದರು ಮೇಡಂ. ಅಪ್ಪ ನಕ್ಕುಬಿಟ್ಟರು. ನಮ್ಮಪ್ಪ ನಕ್ಕರೆ ಒಪ್ಪಿದ ಹಾಗೆ.

ಆ ಸಲ ಚಳಿ ಬೇಗ ಇಳಿಯಿತು. ಉಳಿದ ನಾಲ್ಕು ಮನೆಗಳಲ್ಲಿ ಹುಳು ಗೊತ್ತಾದ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಿದವು. ನಮ್ಮದು ಹಳೆಯ ಹೆಂಚಿನ ಮನೆ, ಶೀತ ಹೆಚ್ಚು. ನಮ್ಮ ಹುಳುಗಳು ಹಿಂದೆ ಬಿದ್ದವು. ಪ್ರವಾಸ ಹೊರಡಲು ಎರಡು ದಿನವಿದ್ದಾಗಲೂ ಅವು ಸೊಪ್ಪು ತಿನ್ನುತ್ತಲೇ ಇದ್ದವು. ಅಮ್ಮನಿಗೆ ಒಬ್ಬಳೇ ನಿಭಾಯಿಸಲಾಗದು. ನಾನು ಬರುವುದಿಲ್ಲವೆಂದು ಮೇಡಂಗೆ ಫೋನಿನಲ್ಲಿ ತಿಳಿಸಿದೆ. ಮನೆಯಿಂದಾಚೆ ಹೋಗುವ ನನ್ನ ಒಂದೇ ಅವಕಾಶ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಇತ್ತ ಕಾಲೇಜಿನಲ್ಲಿ ಬಾವುಟ ತೋರಿಸಿ ಬೀಳ್ಕೊಡಲು ಅತಿಥಿಗಳನ್ನು ಕರೆದಾಗಿತ್ತು. ಒಬ್ಬಳನ್ನು ಬಿಟ್ಟು ಹೊರಡಿ ಎಂದು ಪ್ರಾಂಶುಪಾಲರು ಹೇಳಿದರಂತೆ. ಮೇಡಂ ಕೊಟ್ಟ ಉತ್ತರವನ್ನು ಅಲ್ಲಿಯೇ ನಿಂತಿದ್ದ ಗೆಳತಿ ನನಗೆ ವರದಿ ಮಾಡಿದಳು: "ಹಿಂದೆ ಬಿದ್ದವಳನ್ನು ಬಿಟ್ಟು ಹೋಗುವುದಾದರೆ ಅದು ಪಂದ್ಯ ಸಾರ್. ನಾನು ಕರೆದುಕೊಂಡು ಹೋಗುತ್ತಿರುವುದು ಪ್ರವಾಸ." ಅಭ್ಯಾಸದ ದಿನಗಳಲ್ಲೂ ಅವರದು ಅದೇ ನಿಯಮ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವಳು ಎಲ್ಲರಿಗಿಂತ ಮುಂದೆ ಇರಬೇಕು, ಉಳಿದವರು ಅವಳ ಹಿಂದೆ. ಆ ಮುಂದಿನ ಸ್ಥಾನ ಸಾಮಾನ್ಯವಾಗಿ ನನ್ನದೇ ಆಗಿರುತ್ತಿತ್ತು.

ಮರುದಿನ ಮಧ್ಯಾಹ್ನ ನಮ್ಮ ಮನೆಯ ಮುಂದೆ ಎಂಟು ಸೈಕಲ್ಲುಗಳು ಬಂದು ನಿಂತವು. ಏಳು ಗೆಳತಿಯರು, ಮೇಡಂ, ಡೇರೆಗಳು, ಪಾತ್ರೆಗಳು. ಬೀಳ್ಕೊಡುಗೆ ರದ್ದಾಗಿತ್ತು. "ಹೊರಡೋ ಜಾಗ ಇದೇ ಇನ್ಮೇಲೆ," ಎಂದು ಮೇಡಂ ಅಂಗಳ ತೋರಿಸಿ, ಎಲ್ಲರನ್ನೂ ಸೊಪ್ಪು ಹಾಕಲು ಹುಳುಮನೆಯತ್ತ ನಡೆಸಿಕೊಂಡು ಹೊರಟರು.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಮೂಗು ಅರಳಿಸಿ, "ಏನ್ ಹಚ್ಕಂಡಿದ್ದೀರವ್ವ ಎಲ್ರೂವೆ?" ಎಂದಳು. ದೂರ ತುಳಿದ ಕಾಲುನೋವಿಗೆ ಮಾಗಡಿಯಲ್ಲಿ ನಿಂತು ಎಲ್ಲರೂ ನೋವಿನ ಮುಲಾಮು ತಿಕ್ಕಿಕೊಂಡು ಬಂದಿದ್ದರು. ಆ ಘಾಟು ಒಳಗೆ ಹೋದರೆ ಹುಳು ಸೊಪ್ಪು ತಿನ್ನುವುದು ಬಿಡುತ್ತದೆ. ಹುಳು ಸಾಕುವ ಮನೆಯ ಮಕ್ಕಳೇ ನಾಲ್ವರಿದ್ದರೂ ಒಬ್ಬಳಿಗೂ ಅದು ಹೊಳೆದಿರಲಿಲ್ಲ. ಸರ್ಕಾರಿ ಕಾಲೇಜಿನ ಮೇಡಂ ಅವರನ್ನು ನನ್ನ ಅಮ್ಮ ಹೊಸ್ತಿಲಲ್ಲಿ ತಡೆದಿದ್ದಳು.

"ತಪ್ಪು ನಂದೇ ಕಣಕ್ಕ, ನಾನೇ ಹಚ್ಸಿದ್ದು," ಎಂದರು ಮೇಡಂ. ಬೋರಿನ ಕೆಳಗೆ ಸಾಲಾಗಿ ನಿಂತು ಎಲ್ಲರೂ ಸೋಪು ಹಚ್ಚಿ ಕೈಕಾಲು ತೊಳೆದರು. ಅಮ್ಮ ಒಬ್ಬೊಬ್ಬರ ಅಂಗೈಯನ್ನೂ ಮೂಸಿ ಒಳಗೆ ಬಿಟ್ಟಳು. ಮೇಡಂ ಮುಂದೆ ಬಂದಾಗ ಕೊಂಚ ತಡೆದು, "ನಿಮ್ದಿನ್ನೂ ಹೋಗಿಲ್ಲ," ಎಂದಳು. ಮೇಡಂ ಹೊಸ್ತಿಲಿನಿಂದ ಹಿಂದೆ ಸರಿದರು. ಆ ದಿನವೂ ಮರುದಿನವೂ ಅವರು ಹುಳುಮನೆಯೊಳಗೆ ಕಾಲಿಡಲಿಲ್ಲ. ಅಪ್ಪ ಕೊಯ್ದ ಸೊಪ್ಪಿನ ಹೊರೆಗಳನ್ನು ತೋಟದಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ತಂದು ಬಾಗಿಲಿಗೆ ಇಳಿಸಿದರು. ಒಳಗೆ, ಗೂಡಿನಿಂದ ನೂಲು ತೆಗೆಯುವ ರಾಮನಗರದ ರೀಲರ್ ಮನೆಯ ಗೆಳತಿ ಹುಳುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅವು ಸೊಪ್ಪು ತಿನ್ನುವ ಸದ್ದಿಗೆ ಕಿವಿಗೊಟ್ಟಿದ್ದಳು. "ನಮ್ ಮನೇಲಿ ಬಿಸಿನೀರಲ್ಲಿ ಗೂಡು ಬೇಯೋದನ್ನೇ ನೋಡಿದ್ದು. ಊಟ ಮಾಡೋದನ್ನ ಈಗ್ಲೇ ನೋಡ್ತಿರೋದು," ಎಂದಳು.

ಹುಳುಗಳು ಹಣ್ಣಾದವು. ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಅಷ್ಟೊಂದು ಕೈಗಳಿದ್ದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಗೂಡು ಬಿಡಿಸುವ ಹೊತ್ತಿಗೆ ಅತ್ತೆಯನ್ನು ಕರೆಸಿಕೊಳ್ಳುತ್ತೇನೆಂದು ಅಮ್ಮ ತಾನಾಗಿಯೇ ಹೇಳಿದಳು. ಹೊರಡುವ ಬೆಳಿಗ್ಗೆ ಬಾವುಟವಿರಲಿಲ್ಲ, ಅತಿಥಿಗಳಿರಲಿಲ್ಲ. ಅಮ್ಮ ಮೇಡಂ ಅವರ ಅಂಗೈಯನ್ನೊಮ್ಮೆ ಮೂಸಿ ನೋಡಿ, "ಈಗ ಹೋಗೈತೆ, ಹೊಂಡಿ," ಎಂದಳು. ಎಲ್ಲರೂ ನಕ್ಕರು. ನಾನು ಮುಂದೆ, ಉಳಿದವರು ಹಿಂದೆ, ಬೆಟ್ಟದ ಏರಿನವರೆಗೂ ಹಾಗೆಯೇ ಹೋದೆವು.

ಕಳೆದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ತಿಳಿದಾಗ ನಾನು ಊರಿನಲ್ಲಿದ್ದೆ; ಬಸ್ಸು ಬದಲಿಸಿ ಕನಕಪುರದಾಚೆಯ ಅವರ ಹಳ್ಳಿಯನ್ನು ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಎಲ್ಲವೂ ಮುಗಿದಿರಬಹುದೆಂದು ಅಳುಕುತ್ತಲೇ ಬೀದಿಯ ತಿರುವು ದಾಟಿದೆ. ಚಟ್ಟ ಇನ್ನೂ ಅಂಗಳದಲ್ಲಿಯೇ ಇತ್ತು. ಮನೆಯವರು ಅವಸರಪಡಿಸಿದರೂ ಏಳು ಮಂದಿ ಗೆಳತಿಯರು, ಇನ್ನೊಬ್ಬಳು ಬರಬೇಕೆಂದು ಹೇಳಿ ಎತ್ತಲು ಬಿಟ್ಟಿರಲಿಲ್ಲ.

ನಾನು ಹಿಂದೆ ಹೋಗಿ ನಿಲ್ಲಲು ನೋಡಿದೆ. ರೀಲರ್ ಮನೆಯ ಗೆಳತಿ ನನ್ನ ತೋಳು ಹಿಡಿದು, "ನಿನ್ ಜಾಗ ಅಲ್ಲಲ್ಲ," ಎಂದು ಎಲ್ಲರಿಗಿಂತ ಮುಂದಕ್ಕೆ ತಂದು ನಿಲ್ಲಿಸಿದಳು. ಬಿಳಿಯ ಬಟ್ಟೆಯ ಹೊರಗೆ ಅವರ ಪಾದಗಳು ಕಾಣುತ್ತಿದ್ದವು. ಸ್ನಾನ ಮಾಡಿಸಿದ್ದರೂ ಗಿಣ್ಣಿನ ಮೇಲಿನ ಕಪ್ಪು ಪೂರ್ತಿ ಹೋಗಿರಲಿಲ್ಲ.