ಒಂದೇ ಸಲ ಕೇಳುವವರ ನಡುವೆ

ಯಲ್ಲಾಪುರದಿಂದ ಅರಬೈಲ್ ಕಡೆಗೆ ಹೋಗುವ ದಾರಿಯ ಒಂದು ರೆಸಾರ್ಟಿನಲ್ಲಿ ಎರಡು ದಿನ ಜಾಝ್ ಸಂಗೀತದವರ ಕೂಟವಿತ್ತು. ನುಡಿಸುವವರು, ಕಾರ್ಯಕ್ರಮ ಮಾಡಿಸುವವರು, ರೆಕಾರ್ಡಿಂಗ್‌ನವರು ಬೆಂಗಳೂರು, ಗೋವಾ, ಮುಂಬೈಗಳಿಂದ ಬಂದಿದ್ದರು. ಶಿರಸಿಯಿಂದ ನಾನು, ಸಿದ್ದಾಪುರದಿಂದ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವ, ಇಬ್ಬರೂ ನನ್ನ ಬೈಕಿನಲ್ಲಿ ಹೋದೆವು.

ಇಪ್ಪತ್ತು ವರ್ಷ ಮದುವೆ ರಿಸೆಪ್ಶನ್ನು, ಗಣಪತಿ ಪೆಂಡಾಲುಗಳಲ್ಲಿ ಸಿನಿಮಾ ಹಾಡಿಗೆ ಡ್ರಮ್ಸ್ ಬಾರಿಸಿದವನು ನಾನು. ಜಾಝ್ ಕಲಿತದ್ದು ಮೊಬೈಲು ನೋಡಿ, ತಲೆದಿಂಬಿನ ಮೇಲೆ ಬಡಿದು. ಹರಿದ ದಿಂಬುಗಳನ್ನು ಹೆಂಡತಿ ಬೈಯುತ್ತಲೇ ಹೊಲಿದುಕೊಟ್ಟಿದ್ದಾಳೆ. ಕಲಿತದ್ದನ್ನು ತಿಳಿದವರ ಎದುರು ಒಂದೇ ಒಂದು ಸಲ ಬಾರಿಸಬೇಕು. ಅವರು ಹೌದು ಅನ್ನಲಿ, ಇದಲ್ಲ ಅನ್ನಲಿ. ನಾನು ಹೋದದ್ದು ಅಷ್ಟಕ್ಕೇ.

ಅಲ್ಲಿ ಪರಿಚಯ ಮಾಡಿಕೊಳ್ಳುವುದೇ ಒಂದು ಕೆಲಸ. ಕಾಫಿ ಕಪ್ಪು ಹಿಡಿದು ಒಬ್ಬರ ಬಳಿಯಿಂದ ಇನ್ನೊಬ್ಬರ ಬಳಿಗೆ ಹೋಗಿ ತಮ್ಮ ಸಾಧನೆಯನ್ನು ತಾವೇ ಹೇಳಿಕೊಳ್ಳುತ್ತಾರೆ. ದೇವರೇ! ನಮ್ಮೂರಲ್ಲಿ ಹಾಗೆ ಹೇಳಿಕೊಂಡವನ ಬೆನ್ನ ಹಿಂದೆ ಏನೇನು ಆಡುತ್ತಾರೆಂದು ನನಗೆ ಗೊತ್ತು, ನಾನೂ ಆಡಿದವನೇ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಮದುವೆ, ಉಪನಯನ, ಹುಟ್ಟುಹಬ್ಬ’ ಎಂದು ಅಚ್ಚಾಗಿತ್ತು. ಅದನ್ನು ಕಿಸೆಯಿಂದ ತೆಗೆಯಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಜ್ಯಾಮ್ ಎಂದು ಇತ್ತು. ಬಂದವರಲ್ಲಿ ಯಾರು ಬೇಕಾದರೂ ವೇದಿಕೆ ಹತ್ತಿ ನುಡಿಸಬಹುದು. ಅದರ ಉಸ್ತುವಾರಿ ಮುಂಬೈಯ ಒಬ್ಬರದು. ಊರೂರಲ್ಲಿ ಕಾರ್ಯಕ್ರಮ ಮಾಡಿಸುವವರು, ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ನನ್ನ ಚೀಲದಿಂದ ಇಣುಕುತ್ತಿದ್ದ ಡ್ರಮ್ಸ್ ಕಡ್ಡಿಗಳನ್ನು ನೋಡಿ ನೆಟ್ಟಗೆ ಬಂದರು.

“ನೀವು ಡ್ರಮ್ಮರಾ? ಮುಂದಿನ ಹಾಡಿಗೆ ಕೂತ್ಕೊಳ್ತೀರಾ?”

ನನ್ನ ಕೈ ಆಗಲೇ ಕಡ್ಡಿಗಳ ಮೇಲೆ ಹೋಗಿತ್ತು. ಬಾಯಿ ಮಾತ್ರ, “ಛೆ ಛೆ, ಬೇಡ ಸರ್, ಅವರೆಲ್ಲ ಬಾರಿಸ್ಲಿ” ಎಂದಿತು.

“ಓಕೆ,” ಎಂದು ನಕ್ಕು ಅವರು ಮುಂದೆ ಹೋದರು.

ನಮ್ಮಲ್ಲಿ ಮೊದಲನೇ ಸಲಕ್ಕೇ ಹೂಂ ಅನ್ನುವವನು ಆಸೆಬುರುಕ. ಪಂಕ್ತಿಯಲ್ಲಿ ಹೋಳಿಗೆ ಬಂದರೆ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಬಡಿಸುವವ ಕೈ ಸರಿಸಿ ಹಾಕುತ್ತಾನೆ. ಹಾಡು ಹೇಳುವುದಕ್ಕೂ ಹಾಗೆಯೇ, ಭಾಷಣಕ್ಕೂ ಹಾಗೆಯೇ. ಎರಡು ಸಲ ಬೇಡ, ಮೂರನೆಯ ಸಲ ‘ಇಷ್ಟು ಹೇಳ್ತೀರಿ ಅಂದ ಮೇಲೆ’. ನಾನು ಎರಡನೆಯ ಸಲಕ್ಕೆ ಕಾದು ನಿಂತೆ, ಅಂಗಿಯ ತೋಳು ಕೂಡ ಮಡಚಿಕೊಂಡು.

“ಎಂತಕ್ಕೆ ಬ್ಯಾಡ ಅಂದೆ ಮಾರಾಯ?” ಕೀಬೋರ್ಡಿನವ ಕೇಳಿದ.

“ಇನ್ನೊಂದ್ಸಲ ಕೇಳ್ತ ಅಂದ್ಕಂಡಿದ್ದಿ.”

“ಅಂವ ಕೇಳ್ತ್ನಿಲ್ಲೆ. ನೀನೇ ಹೋಗಿ ಕೂತ್ಗ.”

“ಕರೀದೆ ಹ್ಯಾಂಗೆ ಹೋಪದು?”

ಕೀಬೋರ್ಡಿನವನನ್ನಂತೂ ಯಾರೂ ಒಂದು ಸಲವೂ ಕೇಳಿರಲಿಲ್ಲ. ಸೀದಾ ಮೆಟ್ಟಿಲು ಹತ್ತಿ ಕೂತ. ಎರಡು ಕಡೆ ತಪ್ಪಿದ, ಆದರೂ ಚಪ್ಪಾಳೆ ಬಿತ್ತು. ಡ್ರಮ್ಸಿಗೆ ಗೋವಾದ ಒಬ್ಬಾಕೆ ಕೂತರು. ಚೆನ್ನಾಗಿಯೇ ಬಾರಿಸಿದರು, ಸುಳ್ಳು ಹೇಳಬಾರದು. ನನಗೆ ಹೊಟ್ಟೆ ಉರಿಯಿತು, ಅದೂ ಸುಳ್ಳಲ್ಲ. ಜ್ಯಾಮ್ ಮುಗಿಯುವವರೆಗೂ ನನ್ನನ್ನು ಇನ್ನೊಮ್ಮೆ ಯಾರೂ ಕೇಳಲಿಲ್ಲ.

ತಿಂಗಳ ಮೇಲೆ ಮುಂಬೈಯವರು ಕೀಬೋರ್ಡಿನವನನ್ನು ಹುಬ್ಬಳ್ಳಿಯ ಒಂದು ಕಾರ್ಯಕ್ರಮಕ್ಕೆ ಕರೆದರು. ಡ್ರಮ್ಸಿಗೆ ಇನ್ನೂ ಯಾರೂ ಸಿಕ್ಕಿಲ್ಲ ಎಂದರಂತೆ. ಇವನು ನನ್ನ ಹೆಸರು ಹೇಳಿದ. “ಅವರಿಗೆ ಇಷ್ಟ ಇಲ್ವಲ್ಲ, ನಾನೇ ಕೇಳಿದ್ದೆ” ಎಂದು ಅವರ ಉತ್ತರ. ಸಿಟ್ಟಿನ ಮಾತೇನಲ್ಲ, ಪಾಪ, ನನ್ನ ಮಾತಿಗೆ ಮರ್ಯಾದೆ ಕೊಟ್ಟಿದ್ದರು.

ಕೀಬೋರ್ಡಿನವ ಅವರ ನಂಬರು ಕಳಿಸಿ, ನೀನೇ ಮಾತಾಡು ಎಂದ. ಒಂದಿಡೀ ದಿನ ಮೊಬೈಲು ಕೈಯಲ್ಲಿ ಹಿಡಿದುಕೊಂಡು ಮನೆ ತುಂಬ ಓಡಾಡಿದೆ. ಅವರಾಗಿಯೇ ಫೋನು ಮಾಡಿಯಾರು ಎಂಬ ಆಸೆ ಇನ್ನೂ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿದು ನಾನೇ ಮಾಡಿದೆ.

“ಶಿರಸಿಯ ಡ್ರಮ್ಸಿನವ ಸರ್. ಅವತ್ತು ಬೇಡ ಅಂದಿದ್ನಲ್ಲ.”

“ಹಾಂ, ನೆನಪಿದೆ. ಹೇಳಿ.”

“ನಂಗೆ ಬಾರಿಸ್ಬೇಕು ಸರ್,” ಎಂದೆ. ಒಳಗೆ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

“ಅಯ್ಯೋ, ನಿನ್ನೆ ಸಂಜೆ ತಾನೇ ಒಬ್ಬರಿಗೆ ಹೇಳಿಬಿಟ್ಟೆ.”

ಪರವಾಗಿಲ್ಲ ಬಿಡಿ ಸರ್ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ತುಂಬಾ ಬೇಜಾರಾಯ್ತು ಸರ್,” ಎಂದೆ. “ಮುಂದಿನದು ಯಾವತ್ತು?”