ಯೇಸಪ್ಪನಿಗೆ ಹೊತ್ತ ಮುಡಿ

ನಮ್ಮ ಮನೆ ಓನರ್ ಮೊಮ್ಮಗಳ ತಲೆಗೂದಲಿನ ದೆಸೆಯಿಂದ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಯಾವ ದೇವರಿಗೆ ಅನ್ನುವುದೇ ಅಲ್ಲಿ ತಕರಾರಾಗಿತ್ತು, ಅದು ಬೇರೆ ಮಾತು.

ನಾನು ಪಾಸ್ಟರ ಹೆಂಡತಿ. ಗುಡೇಮಾರನಹಳ್ಳಿ ಹತ್ತಿರದ ಒಂದು ಊರಿನಲ್ಲಿ, ಗೌಡರೊಬ್ಬರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಮನೆಯವರು ಭಾನುವಾರ ಮಾಗಡಿಯಲ್ಲಿ, ಒಂದು ಅಂಗಡಿಯ ಮೇಲಿನ ಹಾಲ್‌ನಲ್ಲಿ ಸಭೆ ನಡೆಸುತ್ತಾರೆ. ಬುಧವಾರ ಸಂಜೆ ನಮ್ಮ ಮನೆಯಲ್ಲೇ ಸಣ್ಣದಾಗಿ ಪ್ರಾರ್ಥನೆ ಇರುತ್ತದೆ. ಉಳಿದ ಹೊತ್ತು ನಾನು ಊರಿನ ಹೆಂಗಸರಿಗೆ ಬ್ಲೌಸ್ ಹೊಲಿದುಕೊಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಪಾಸ್ಟರ ಹೆಂಡತಿಗೆ ಇದು ಒಳ್ಳೆಯ ಗುಣವಲ್ಲ ಅಂತ ಮದುವೆಯಾದಾಗಿನಿಂದ ಕೇಳಿಸಿಕೊಂಡು ಬಂದಿದ್ದೇನೆ, ಬಾಯಿ ಮಾತ್ರ ಹಾಗೇ ಇದೆ.

ಗೌಡರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ವಯಸ್ಸಿನಲ್ಲಿ ಅವರು ನನ್ನ ತಾಯಿಯಷ್ಟು. ಆದರೂ ಮನೆ ನೋಡಲು ಬಂದ ದಿನ ಬಾಯಿಗೆ ಬಂದದ್ದು ಅಕ್ಕ, ಅದೇ ಉಳಿಯಿತು. ರೇಷ್ಮೆ ಹುಳ ಸಾಕುವ ಮನೆ ಅವರದು. ಕೈಯಲ್ಲಿ ಸೊಪ್ಪಿನ ಕುಕ್ಕೆ ಇಲ್ಲದೆ ಅವರನ್ನು ನೋಡಿದ್ದೇ ಕಡಿಮೆ. ನಮಗೆ ಮನೆ ಕೊಡಬೇಡಿ ಅಂತ ಊರಲ್ಲಿ ಕೆಲವರು ಹೇಳಿದ್ದರಂತೆ. "ಅವ್ರೇನ್ ನಮ್ ಮನೇನ ಹೊತ್ಕೊಂಡೋದಾರಾ?" ಅಂದು ಕೊಟ್ಟವರು ಅವರೇ. ಈ ಊರಿನಲ್ಲಿ ನನಗೆ ಅಂತ ಇದ್ದ ಒಂದೇ ಜೀವ ಅದು.

ಅವರ ಮೊಮ್ಮಗಳಿಗೆ ಆಗ ಒಂದು ವರ್ಷ ಇರಬೇಕು. ಒಂದು ಬೆಳಿಗ್ಗೆ ಜ್ವರ ನೆತ್ತಿಗೇರಿ ಮಗುವಿಗೆ ಫಿಟ್ಸ್ ಬಂತು. ಗೌಡರು ಆಟೋ ಕರೆಯಲು ಓಡಿದರು. ಅಕ್ಕ ಮಗುವನ್ನು ಎತ್ತಿಕೊಂಡು ದಿಕ್ಕು ತೋಚದೆ ನನ್ನ ಅಡುಗೆಮನೆಗೆ ನುಗ್ಗಿದರು. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ನಾನು ಒಲೆ ಆರಿಸಿ, ಅದರ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡತೊಡಗಿದೆ. ಆಗ ಅಕ್ಕ ಗೋಡೆಯ ಮೇಲಿದ್ದ ನಮ್ಮ ಸಭೆಯ ಕ್ಯಾಲೆಂಡರಿನ ಯೇಸುವಿನ ಚಿತ್ರ ನೋಡಿಕೊಂಡು ಗಟ್ಟಿಯಾಗಿ ಕೂಗಿಬಿಟ್ಟರು: "ಯೇಸಪ್ಪಾ, ಈ ಕೂಸ್ನ ಉಳಿಸ್ಕೊಡಪ್ಪಾ! ಇದ್ರ ಮೊದಲ್ನೇ ಮುಡಿ ನಿನ್ಗೇ ಕೊಡ್ತೀನಿ!"

ಆಟೋ ಬಂತು, ರಾಮನಗರದ ಆಸ್ಪತ್ರೆಗೆ ಹೋದರು, ಮಗು ಉಳಿಯಿತು. ಜ್ವರಕ್ಕೆ ಚಿಕ್ಕ ಮಕ್ಕಳಿಗೆ ಹೀಗಾಗುತ್ತೆ, ಭಯಬೀಳಬೇಡಿ ಅಂತ ಡಾಕ್ಟರು ಹೇಳಿದರಂತೆ. ಡಾಕ್ಟರ ಮಾತು ಯಾರಿಗೆ ಬೇಕು?

ಮಗು ಮನೆಗೆ ಬಂದ ಮೇಲೆ ಅಕ್ಕ ತೆಂಗಿನಕಾಯಿ, ಎಲೆ ಅಡಿಕೆ, ಹೂವು ಇಟ್ಟ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. "ನಿಮ್ಮ ಯೇಸಪ್ಪಂಗೆ ಯಾವ್ ವಾರ ಮುಡಿ ತೆಗಿತಾರೆ ಕಣವ್ವ?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯವರು ನಗಲಿಲ್ಲ. ಅವರನ್ನು ಕೂರಿಸಿ, ಪ್ರೀತಿಯಿಂದಲೇ ಹೇಳಿದರು: "ಅಮ್ಮಾ, ಯೇಸುಸ್ವಾಮಿ ಕೂದಲು ಕೇಳುವುದಿಲ್ಲ. ಆತನು ಕೇಳುವುದು ನಿಮ್ಮ ಹೃದಯ. ನೀವು ಏನೂ ಕೊಡಬೇಕಾಗಿಲ್ಲ. ಕೊಡಬೇಕಾದದ್ದನ್ನೆಲ್ಲ ಆತನೇ ಶಿಲುಬೆಯ ಮೇಲೆ ಕೊಟ್ಟಾಯಿತು." ಹುಟ್ಟಿನಿಂದ ಪುನರುತ್ಥಾನದ ತನಕ ಎಲ್ಲವನ್ನೂ ಬಿಡಿಸಿ ಹೇಳಿದರು. ಮೊಳೆ ಹೊಡೆದ ಕಡೆ ಬಂದಾಗ ಅಕ್ಕನ ಕಣ್ಣಲ್ಲಿ ನೀರು ಬಂತು. ಎಲ್ಲ ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದರು: "ಎಂಥಾ ಒಳ್ಳೇ ದೇವ್ರು ಸ್ವಾಮಿ! ಹಂಗಾರೆ ಮುಡಿ ಭಾನುವಾರ ತಗೋತೀರೋ, ಬುಧವಾರವೋ?"

ಇಷ್ಟರಲ್ಲೇ ಮುಗಿದಿದ್ದರೆ ಇದು ನಗುವ ಕತೆ. ಆದರೆ ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಹುಟ್ಟಿದ ಮಗುವಿನ ಮೊದಲ ಕೂದಲು ಮನೆದೇವರಿಗೆ ಹೋಗಬೇಕು, ಅದೂ ಒಂದು, ಮೂರು, ಐದು ಹೀಗೆ ಬೆಸ ವರ್ಷದಲ್ಲಿ. ಮೊದಲ ವರ್ಷ ಹೇಗೂ ತಪ್ಪಿತ್ತು, ಹಾಗಾಗಿ ಮೂರು ತುಂಬುವುದರೊಳಗೆ ಆಗಬೇಕು. ಅಷ್ಟರವರೆಗೆ ತಲೆಗೆ ಕತ್ತರಿ ಸೋಕುವಂತಿಲ್ಲ. ಈಗ ಮೊದಲ ಮುಡಿಯನ್ನು ಅಕ್ಕ ಬೇರೊಬ್ಬ ದೇವರಿಗೆ ಬಾಯಿಬಿಟ್ಟು ಹೇಳಿಬಿಟ್ಟಿದ್ದರು. ಹರಕೆ ಹೊತ್ತ ದೇವರು ಮೊದಲು ತೆಗೆದುಕೊಳ್ಳದೆ ಅದೇ ಕೂದಲನ್ನು ಮನೆದೇವರ ಮುಂದೆ ಇಟ್ಟರೆ ಇಬ್ಬರಿಗೂ ಕೋಪ. ಹೀಗೆ ಮನೆದೇವರು ಅತ್ತ ಕಾಯುತ್ತಾ, ನಮ್ಮ ಯೇಸು ಇತ್ತ ಬೇಡ ಅನ್ನುತ್ತಾ, ಮಧ್ಯೆ ಆ ಹೆಣ್ಣುಕೂಸಿನ ಕೂದಲು ಬೆಳೆಯುತ್ತಲೇ ಹೋಯಿತು. ಭುಜ ದಾಟಿತು. ಬೇಸಿಗೆಯಲ್ಲಿ ಕತ್ತಿನ ತುಂಬ ಬೆವರುಸಾಲೆ, ತಲೆ ತುಂಬ ಹೇನು. ಅದು ಪರಪರ ಕೆರೆದುಕೊಳ್ಳುವ ಸದ್ದು ನನ್ನ ಹೊಲಿಗೆ ಮಿಷನ್ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಅಕ್ಕನ ಸೊಸೆ ಅದರ ತಲೆ ಬಾಚುತ್ತಾ ನನ್ನ ಬಾಗಿಲ ಕಡೆ ಒಂದು ನೋಟ ನೋಡುತ್ತಿದ್ದಳು, ಅಬ್ಬಬ್ಬಾ.

ಒಂದು ದಿನ ಗೌಡರೇ ಬಂದು ಜಗಲಿಯ ಮೇಲೆ ಕೂತರು. "ಪಾದ್ರಿಗಳೇ, ನಿಮ್ ಕಡೆ ಸೇರ್ಕೊಳ್ಳಿ ಅಂದ್ರೆ ನಾವ್ ಸೇರಾಕಿಲ್ಲ. ಅದ್ ಬುಡಿ. ಆದ್ರೆ ಒಂದ್ ಮಾತ್ ಅಂದ್ಮೇಲೆ ಉಳಿಸ್ಕೋಬೇಕು. ಆ ಕೂದ್ಲ ತಗೊಂಡು ನಮ್ಮನ್ ಬುಟ್ಬುಡಿ," ಅಂದರು.

"ಯಜಮಾನರೇ, ನಿಮ್ಮ ಮಗುವಿನ ತಲೆ ನಮ್ಮ ಹಾಲ್‌ನಲ್ಲಿ ಬೋಳಿಸಿದರೆ ಹೊರಗಡೆ ಏನಂತಾರೆ? ಮಗುವನ್ನ ಮತಾಂತರ ಮಾಡಿದರು ಅಂತಾರೆ. ಈಗಾಗಲೇ ಟೀ ಅಂಗಡೀಲಿ ನನ್ನ ಹೆಸರೆತ್ತಿ ಮಾತಾಡ್ತಿದ್ದಾರೆ," ಅಂದರು ನಮ್ಮ ಮನೆಯವರು.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಹಂಗಾಯ್ತು ನಿಮ್ಮ ಕತೆ," ಅಂದು ಗೌಡರು ಟವೆಲ್ ಕೊಡವಿಕೊಂಡು ಎದ್ದು ಹೋದರು. ನಮ್ಮ ಮನೆಯವರ ಮುಖ ಚಿಕ್ಕದಾಯಿತು. ಅವರು ಪೂಜಾರಿ ಅನ್ನಿಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಕ್ಯಾಥೊಲಿಕರ ವೇಳಾಂಕಣಿಯಲ್ಲಿ ಮುಡಿ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಹೋಗಿ ಕೊಟ್ಟು ಬನ್ನಿ ಅಂತ ನಾನೇ ಅಕ್ಕನಿಗೆ ದಾರಿ ತೋರಿಸಿದೆ. ಅವರು ತಲೆಯಾಡಿಸಿದರು. "ನಾನ್ ಕೈ ಮುಗ್ದಿದ್ದು ನಿಮ್ಮನೆ ಒಲೆ ಮುಂದೆ ಇರೋ ಯೇಸಪ್ಪಂಗೆ. ಇನ್ನೆಲ್ಲೋ ಕೊಟ್ರೆ ಇವ್ನ್ ಸುಮ್ಕಿದ್ದಾನಾ?" ನನಗೆ ರೇಗಿಹೋಯಿತು. "ನಿಮ್ಮನ್ನ ಯಾರಕ್ಕಾ ಹರಕೆ ಹೊತ್ಕೊಳ್ಳಿ ಅಂದಿದ್ದು?" ಅಂದುಬಿಟ್ಟೆ. ಅಕ್ಕ ನನ್ನ ಮುಖವನ್ನೇ ನೋಡಿದರು. "ಕೂಸ್ ಸಾಯ್ತಾ ಐತೆ ಅಂದ್ರೆ ಯೋಚ್ನೆ ಮಾಡ್ಕೊಂಡ್ ಹರಕೆ ಹೊತ್ಕೊಂಡಾರೇನವ್ವ?" ಅಂದರು.

ಮನೆಯೊಳಗೆ ನಾನು ನಮ್ಮ ಮನೆಯವರ ಮೇಲೆ ಹಾರಾಡುತ್ತಿದ್ದೆ. "ಒಂದು ಹಿಡಿ ಕೂದಲು ರೀ. ತಗೊಂಡರೆ ಸ್ವರ್ಗ ಬಿದ್ದುಹೋಗುತ್ತಾ?" ಅವರು ಸಿಟ್ಟಾಗುವವರಲ್ಲ, ಅದೇ ಕಷ್ಟ. "ಇವತ್ತು ಕೂದಲು ತಗೊಂಡರೆ ನಾಳೆ ಕೋಳಿ ಹಿಡ್ಕೊಂಡು ಬರ್ತಾರೆ. ಆಮೇಲೆ ಯೇಸು ಅವರಿಗೆ ಹತ್ತರ ಜೊತೆ ಹನ್ನೊಂದು. ಆಯಮ್ಮ ಎಷ್ಟು ಹತ್ತಿರ ಬಂದಿದ್ದಾರೆ ನೋಡು, ಈಗ ಕೆಡಿಸಬೇಡ," ಅನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಗೌಡರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಎಲ್ಲರೂ ಸರಿಯಿದ್ದ ಮನೆಯಲ್ಲಿ ಉಸಿರು ಕಟ್ಟುತ್ತದೆ ಅಂತ ನನಗೆ ಗೊತ್ತಾದದ್ದು ಆಗಲೇ. ಬೇರೆ ಮನೆ ನೋಡೋಣ ಅಂದೆ. ಅದಕ್ಕೂ ಅವರು ಒಪ್ಪಲಿಲ್ಲ, ಆ ಒಂದು ಆತ್ಮವನ್ನು ಬಿಟ್ಟು ಹೇಗೆ ಹೋಗುವುದು ಅಂದರು.

ಯಾಕೆಂದರೆ ಅಕ್ಕ ಬುಧವಾರದ ಪ್ರಾರ್ಥನೆಗೆ ಬರಲು ಶುರುಮಾಡಿದ್ದರು. ಹರಕೆ ಹೊತ್ತ ಮೇಲೆ ಒಂದು ವಾರವೂ ತಪ್ಪಿಸಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ಬಂದು, ಊಟಕ್ಕೂ ಪುರುಸೊತ್ತಿಲ್ಲದ ದಿನಗಳಲ್ಲೂ ಸೊಪ್ಪಿನ ಕೈ ತೊಳೆದುಕೊಂಡು ಬಂದು, ಸೆರಗು ಹೊದ್ದು ಕೂರುತ್ತಿದ್ದರು. ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು. ವಾಕ್ಯ ಓದುವಾಗ ಅವರಷ್ಟು ಗಮನವಿಟ್ಟು ಕೇಳುವವರು ನಮ್ಮ ಮಾಗಡಿ ಸಭೆಯಲ್ಲೂ ಇಲ್ಲ. ನನಗೆ ಆ ಸಂಜೆಗಳೆಂದರೆ ಪ್ರಾಣ. ನಾನು ಹೆಚ್ಚು ಓದಿದವಳಲ್ಲ, ಯಾರಿಗೂ ಸುವಾರ್ತೆ ಸಾರಿದವಳೂ ಅಲ್ಲ. ಬ್ಲೌಸ್ ಅಳತೆ ತೆಗೆಯುವಾಗ ಯೇಸುವಿನ ಮಾತೆತ್ತಿದರೆ ಹೆಂಗಸರು ತೋಳಿನ ಉದ್ದದ ಮಾತೆತ್ತುತ್ತಿದ್ದರು. ಇವರೊಬ್ಬರು ಮಾತ್ರ ನನ್ನ ಬಾಯಿಂದ ಕೇಳಿದರು, ನನ್ನ ದೇವರನ್ನು ನನ್ನ ಜೊತೆ ಪ್ರೀತಿಸಿದರು ಅಂದುಕೊಂಡು ಹಿಗ್ಗಿದ್ದೆ. ಅವರು ನಮ್ಮವರಾಗಲಿ ಅಂತ ನಾನು ಕಣ್ಣೀರಿಟ್ಟು ಬೇಡಿದ್ದೂ ಉಂಟು.

ಈ ವರ್ಷ ಅವರ ಒಂದು ಬೆಳೆ ಹುಳ ಪೂರ್ತಿ ಹಾಲುರೋಗ ಬಂದು ಹೋಯಿತು. ಸತ್ತ ಹುಳವನ್ನು ಗುಂಡಿಗೆ ಸುರಿದು ಬಂದ ಅಕ್ಕ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಡೆಯ ಕ್ಯಾಲೆಂಡರನ್ನೇ ನೋಡಿದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸರಿಹೋಗುತ್ತಿತ್ತು. ಆಮೇಲೆ ಮಗುವಿಗೆ ಮತ್ತೆ ಸಣ್ಣ ಜ್ವರ ಬಂತು. ಜ್ವರ ಬಂದ ಎರಡು ದಿನವೂ ಅಕ್ಕ ಅನ್ನ ಮುಟ್ಟಲಿಲ್ಲ ಅಂತ ಸೊಸೆ ಹೇಳಿದಳು. ಮಗುವಿಗೆ ಮೂರು ತುಂಬಲು ಇನ್ನು ಕೆಲವೇ ದಿನ ಉಳಿದಿತ್ತು. ದಾಯಾದಿಗಳೆಲ್ಲ ಕೂಡಿ ಬರುವ ಸೋಮವಾರ ಮನೆದೇವರ ಮುಡಿ ಅಂತ ಗೊತ್ತುಮಾಡಿದ್ದರು. ಅದು ತಪ್ಪಿದರೆ ಐದನೆಯ ವರ್ಷದ ತನಕ ಆ ಕೂಸು ಹಾಗೇ ಕೆರೆದುಕೊಳ್ಳಬೇಕು, ಅಕ್ಕ ಹಾಗೇ ಬೇಯಬೇಕು.

ನಮ್ಮ ಮನೆಯವರು ಕನಕಪುರದಲ್ಲಿ ಉಪವಾಸ ಪ್ರಾರ್ಥನೆ ಕೂಟಕ್ಕೆ ಹೋಗಿದ್ದ ಮಧ್ಯಾಹ್ನ ಅಕ್ಕ ಬಂದರು. ಮಗುವಿಗೆ ಎರೆದು, ಹೊಸ ಲಂಗ ಹಾಕಿದ್ದರು. ಕೈಯಲ್ಲಿ ಒಂದು ವೀಳ್ಯದೆಲೆ.

"ಪಾಸ್ಟ್ರಿಲ್ಲ ಅಂತ ಗೊತ್ತಿದ್ದೇ ಬಂದೆ ಕಣವ್ವ," ಅಂದರು. "ಪೂರಾ ಮುಡಿ ಬ್ಯಾಡ. ಹೂಮುಡಿ ತಗೊಬುಡು. ತುದೀಲಿ ಒಸಿ. ಮೊದಲ್ನೇ ಕತ್ತರಿ ಅವಂದಾದ್ರೆ ಸಾಕು."

"ನಾನ್ಯಾರಕ್ಕ ತಗೊಳ್ಳಕ್ಕೆ? ನಾನೇನು ಪಾಸ್ಟರಾ?"

"ಆವತ್ತು ಇದ್ರ ತಲೆ ಮ್ಯಾಲೆ ಕೈ ಮಡಗಿದ್ದು ನೀನಲ್ವಾ?"

ಅವರ ಕೈ ಹಿಡಿದೆ, ಗಡಗಡ ನಡುಗುತ್ತಿತ್ತು. ಆ ನಡುಕವನ್ನು ಮುಟ್ಟಿ ನೋಡಿದ ಮೇಲೆ ಕೂದಲು ಬೇಕೋ ಹೃದಯ ಬೇಕೋ ಅನ್ನುವ ಮಾತೆಲ್ಲ ನನ್ನ ಮಟ್ಟಿಗೆ ಮುಗಿಯಿತು. ಬಾಗಿಲು ಮುಂದೆ ಮಾಡಿ, ಬಟ್ಟೆ ಕತ್ತರಿ ತೊಳೆದು ತಂದೆ. ಮಗುವನ್ನು ಮಿಷನ್ ಸ್ಟೂಲಿನ ಮೇಲೆ ಕೂರಿಸಿ, ಇದು ಉಳಿದದ್ದಕ್ಕೆ ನಿನಗೆ ಸ್ತೋತ್ರ ತಂದೆಯೇ, ಇದು ನಿನ್ನದೇ, ಅಂದು ಪ್ರಾರ್ಥಿಸಿದೆ. ಮನಸಾರೆ ಮಾಡಿದ ಪ್ರಾರ್ಥನೆ ಅದು, ನಾಟಕವಲ್ಲ. ತುದಿಯ ಕೂದಲನ್ನು ಕತ್ತರಿಸಿದಾಗ ಅಕ್ಕ ವೀಳ್ಯದೆಲೆ ಒಡ್ಡಿ ಹಿಡಿದುಕೊಂಡರು. ಹಿಡಿದುಕೊಂಡು ನಿಂತೇ ಇದ್ದರು.

"ಒಪ್ಪಿಸ್ಕೊಂಡ್ನಾ?" ಅಂದರು.

ದೇವರ ಪರವಾಗಿ ಹಾಗೆ ಹೇಳುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು?

"ಬಾಯ್ಬುಟ್ ಯೋಳು ತಾಯಿ. ಒಪ್ಪಿಸ್ಕೊಂಡ್ನಾ?"

"ಒಪ್ಕೊಂಡ ಅಕ್ಕ. ನಿಮ್ಮ ಮೇಲೆ ಇನ್ನೇನೂ ಬಾಕಿ ಇಲ್ಲ."

ಅಕ್ಕ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತರು, ಅಳುತ್ತಲೇ ನಕ್ಕರು. ಮಗು ಹೆದರಿ ಅಜ್ಜಿಯ ಮಡಿಲಿಗೆ ಹೋಯಿತು. ಅವರಿಗೆ ನೀರು ಕೊಟ್ಟು ಪಕ್ಕದಲ್ಲೇ ಕೂತೆ. ಎಲೆಯನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಅವರು ಏಳುವಾಗ, ಈ ಬುಧವಾರ ಸ್ವಲ್ಪ ಬೇಗ ಬನ್ನಿ ಅಕ್ಕ, ಅಂದೆ.

"ಇನ್ನೆಂಥಾ ಬುಧವಾರ ಬುಡವ್ವ," ಅಂದರು. ಅವರ ಮಾತಿನಲ್ಲಿ ಮುನಿಸು ಇರಲಿಲ್ಲ, ಬಹಳ ದಿನದ ಮೇಲೆ ಅವರು ಹಗುರವಾಗಿದ್ದರು. "ಹರಕೆ ಬಾಕಿ ಮಡಿಕ್ಕೊಂಡಿದ್ದೀನಲ್ಲ, ಮುಖ ತೋರಿಸ್ದೆ ಹೋದ್ರೆ ಕೂಸ್ನ ಏನಾರಾ ಮಾಡ್ಬುಟ್ಟಾನು ಅಂತ ಬತ್ತಿದ್ದೆ. ಎರಡ್ ವರ್ಷದಿಂದ ನಿಮ್ಮ ಯೇಸಪ್ಪನ್ ನೆನುಸ್ಕೊಂಡ್ರೆ ಎದೆ ನಡುಗ್ತಿತ್ತು ಕಣವ್ವ. ನಿನ್ ದಮ್ಮಯ್ಯ, ಇನ್ ಅವ್ನ್ ಸುದ್ದಿ ತೆಗೀಬ್ಯಾಡ."

ನನ್ನ ಗಲ್ಲ ಮುಟ್ಟಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೋದರು.

ಸಂಜೆ ಕನಕಪುರದಿಂದ ಬಂದ ನಮ್ಮ ಮನೆಯವರು ಕೈಕಾಲು ತೊಳೆದು ಊಟಕ್ಕೆ ಕೂತರು. ಕೂಟದಲ್ಲಿ ಅಕ್ಕನ ಹೆಸರು ಹೇಳಿ ಎಲ್ಲರಿಂದಲೂ ಪ್ರಾರ್ಥನೆ ಮಾಡಿಸಿದೆ, ಇನ್ನೊಂದೇ ಹೆಜ್ಜೆ ಇದೆ ಅಂದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಎಷ್ಟೋ ದಿನದಿಂದ ಕಂಡಿರಲಿಲ್ಲ. "ಅವರು ಇವತ್ತು ಈ ಕಡೆ ಬಂದಿದ್ದರಾ?" ಅಂತ ಕೇಳಿದರು. ಬಂದಿದ್ದರು, ಅಂದೆ, ತಟ್ಟೆಗೆ ಸಾರು ಬಡಿಸಿದೆ.