ಕಡಲೆಕಾಯಿ ಕಾಸಿಲ್ದಾರ ಕಾಲ್ಗುಣ

ಸೋಮವಾರ ಬೆಳಗಿನ ಜಾವ. ಕ್ರೀಡಾಂಗಣದ ಹಿಂಬದಿಯ ಓಣಿಯಲ್ಲಿ, ತಗಡಿನ ಮಾಡಿನ ಮನೆಯ ಹಿತ್ತಿಲಲ್ಲಿ, ಕಾಸಿಲ್ದಾ ಮೊರೊಬೆಲ್ ಇದ್ದಿಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡಲೆಕಾಯಿ ಹುರಿಯುತ್ತಿದ್ದಾರೆ. ಹುರಿಯುವುದನ್ನು ಮರೆಯುತ್ತಿದ್ದಾರೆ ಎಂದರೇ ಹೆಚ್ಚು ಸರಿ. ಬಾಣಲೆಯಲ್ಲಿ ಆಡುತ್ತಿದ್ದ ಮರದ ಸೌಟು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಕಣ್ಣು ಎಲ್ಲೋ ನೆಟ್ಟುಹೋಗುತ್ತದೆ, ಮೂಗಿಗೆ ಸೀದ ವಾಸನೆ ಬಡಿದ ಮೇಲೆಯೇ ಎಚ್ಚರ. ಆಗಲೇ ಒಂದು ಬಾಣಲೆ ಕರಕಲಾಗಿ ಕೋಳಿಗಳ ಮುಂದೆ ಬಿದ್ದಿದೆ. ಕೋಳಿಗಳೂ ಒಮ್ಮೆ ಕುಕ್ಕಿ ನೋಡಿ ದೂರ ಸರಿದಿವೆ.

“ನಲವತ್ತು ವರ್ಷದಿಂದ ಹುರೀತಿದ್ದೀನಿ, ಹೀಗೆ ಸೀಯಿಸಿದ್ದು ಇವತ್ತೇ,” ಎನ್ನುತ್ತಾರೆ. “ಏನ್ ಮಾಡ್ಲಿ, ಕಣ್ಣು ಮುಚ್ಚಿದ್ರೂ ಆ ಚೆಂಡು, ತೆಗೆದ್ರೂ ಆ ಚೆಂಡು.”

ಆ ಚೆಂಡಿನ ಗುಂಗಿನಲ್ಲಿ ಇರುವುದು ಅವರೊಬ್ಬರೇ ಅಲ್ಲ. ಸಾನ್ ತೆಲ್ಮೊ ಎಂಬ ಈ ಕಡಲತೀರದ ಊರು ಇನ್ನೂ ಗರಬಡಿದಂತಿದೆ. ಬ್ರೆಡ್ಡಿನಂಗಡಿಯ ಮುಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸುತ್ತಾರೆ. ಬಾಡಿಗೆ ಬೈಕಿನ ಹುಡುಗನೊಬ್ಬ ಗಿರಾಕಿಯನ್ನು ಹತ್ತಿಸಿಕೊಳ್ಳದೆಯೇ ಹೊರಟು, ತಿರುವಿನಲ್ಲಿ ನೆನಪಾಗಿ ವಾಪಸು ಬಂದಿದ್ದಾನೆ. ನಿನ್ನೆ ಭಾನುವಾರ, ಸೆಮಿಫೈನಲಿನ ಕೊನೆಯ ಪಂದ್ಯದಲ್ಲಿ, ಈ ಊರಿನ ಬೇಸ್‌ಬಾಲ್ ತಂಡವಾದ ಬೆಸ್ತರು ರಾಜಧಾನಿಯ ಗಿಡುಗರನ್ನು ಸೋಲಿಸಿ ಮನೆಗೆ ಕಳಿಸಿದ್ದಾರೆ. ಸಣ್ಣಪುಟ್ಟ ಪಂದ್ಯಗಳ ಮಾತು ಬೇರೆ. ಗೆಲ್ಲಲೇಬೇಕಾದ ಪಂದ್ಯದಲ್ಲಿ ಗಿಡುಗರ ಮುಂದೆ ಬೆಸ್ತರು ಗೆದ್ದದ್ದನ್ನು ಇಲ್ಲಿನ ಹೈಸ್ಕೂಲು ಮಕ್ಕಳು ಹುಟ್ಟಿದ ಮೇಲೆ ಕಂಡಿಲ್ಲ.

ಆ ಗೆಲುವಿನ ನಡುವೆ ಸಿಕ್ಕಿಹಾಕಿಕೊಂಡವರು ಕಾಸಿಲ್ದಾ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ, ಆದರೆ ಊರಿನ ಬಾಯಲ್ಲಿ ಈಗ ಅದೊಂದೇ ಹೆಸರು.

ಕಾಸಿಲ್ದಾರಿಗೆ ಐವತ್ತೆಂಟು. ತಾಯಿಯೂ ಇದೇ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕಡಲೆಕಾಯಿ ಮಾರಿದವರು. ಆಕೆಯ ಕಾಲು ಊದಿಕೊಂಡ ವರ್ಷ ತಗಡಿನ ಡಬ್ಬ ಮಗಳ ತಲೆಗೆ ಬಂತು. ಚಳಿಗಾಲದ ನಾಲ್ಕು ತಿಂಗಳು ಪಂದ್ಯಗಳ ಕಾಲ. ಪಂದ್ಯವಿದ್ದ ದಿನ ನಸುಕಿನಲ್ಲಿ ಹುರಿದು, ಮಧ್ಯಾಹ್ನ ಪೊಟ್ಟಣ ಕಟ್ಟಿ, ಸಂಜೆ ಬಿಸಿಯಾರದಂತೆ ಡಬ್ಬದ ತಳದಲ್ಲಿ ಕೆಂಡ ಇಟ್ಟುಕೊಂಡು ಹೊರಡಬೇಕು. ಒಂದು ಪಂದ್ಯಕ್ಕೆ ಮುನ್ನೂರು ಪೊಟ್ಟಣ ಖಾಲಿಯಾದರೆ ಆ ವಾರ ನಿಶ್ಚಿಂತೆ. ಪಂದ್ಯವಿಲ್ಲದ ದಿನಗಳಲ್ಲೂ ಉಳಿದ ಎಂಟು ತಿಂಗಳೂ ಬಸ್ ನಿಲ್ದಾಣದಲ್ಲಿ ಮಾರುತ್ತಾರೆ. ಅಲ್ಲಿ ಮಾರುವುದು ಬರೀ ಹೊಟ್ಟೆಪಾಡು ಎಂದು ಅವರೇ ಹೇಳುತ್ತಾರೆ. ಕ್ರೀಡಾಂಗಣದ್ದು ಬೇರೆ ಲೆಕ್ಕ. ಎದ್ದು ಕೈಯೆತ್ತಿದವನಿಗೆ ಹತ್ತು ಸಾಲು ಕೆಳಗಿನಿಂದ ಪೊಟ್ಟಣ ಎಸೆದರೆ ಅದು ಸೀದಾ ಅವನ ಮಡಿಲಿಗೇ ಬೀಳುತ್ತದೆ. ಮಂಡಿ ಸವೆದಿದೆ, ಬಲಗಣ್ಣಿಗೆ ಪೊರೆ ಬರುತ್ತಿದೆ, ಆದರೂ ಗುರಿ ತಪ್ಪಿಲ್ಲ.

ಎಡವಟ್ಟಾದದ್ದು ಆ ಎಸೆತದಿಂದಲೇ. ಬಹಳ ವರ್ಷದ ಹಿಂದೆ ಇದೇ ಗಿಡುಗರ ಮೇಲೆ ಫೈನಲ್. ಇನ್ನೊಂದು ಔಟಾದರೆ ಬೆಸ್ತರಿಗೆ ಕಪ್. ಮೇಲಿನ ಸಾಲಿನಿಂದ ಯಾರೋ ಕೈಯೆತ್ತಿದರು, ಕಾಸಿಲ್ದಾ ಪೊಟ್ಟಣ ಎಸೆದರು. ಅದು ಗಾಳಿಯಲ್ಲಿ ಇದ್ದಾಗಲೇ ಬೆಸ್ತರ ಆಟಗಾರನೊಬ್ಬ ಕೈಗೆ ಬಂದ ಸುಲಭದ ಚೆಂಡನ್ನು ನೆಲಕ್ಕೆ ಬಿಟ್ಟ. ಪಂದ್ಯ ಹೋಯಿತು, ಕಪ್ಪೂ ಹೋಯಿತು. ಬಿಟ್ಟವನ ಕೈ ಸರಿಯಿಲ್ಲ ಎಂದು ಯಾರೂ ಹೇಳಲಿಲ್ಲ. ಮಾರನೆಯ ವರ್ಷ ಕಾಸಿಲ್ದಾ ಮೆಟ್ಟಿಲು ಇಳಿಯುತ್ತಿದ್ದಾಗಲೇ, ಗಿಡುಗರ ಎದುರು, ಮತ್ತೆ ಅಂಥದ್ದೇ ಒಂದು ಚೆಂಡು ಕೈಜಾರಿತು. ಅಷ್ಟು ಸಾಕಾಯಿತು. ಬೇಸ್‌ಬಾಲಿನ ಅಪಶಕುನಕ್ಕೆ ಇಲ್ಲಿನವರು ಫುಕೂ ಎನ್ನುತ್ತಾರೆ. ಆ ಹಣೆಪಟ್ಟಿ ಕಾಸಿಲ್ದಾರ ಹಣೆಗೆ ಅಂಟಿತು.

ಅಂಟಿಸಿದವರಲ್ಲಿ ಮೊದಲಿಗರು ತುಲಿಯೊ. ಊರಿನ ಕ್ಷೌರಿಕರು, ಅಭಿಮಾನಿಗಳ ಡೋಲಿನ ಮೇಳಕ್ಕೆ ಮುಖಂಡರು. ತಮಾಷೆಯೆಂದರೆ, ಅವರ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡು ಇಗರ್ಜಿಯ ಮೆಟ್ಟಿಲು ಹತ್ತಿದ ಜ್ಞಾನತಾಯಿ ಇದೇ ಕಾಸಿಲ್ದಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಕೊಂಪಾದ್ರೆ ಎಂದು ಬೀಗರ ಮರ್ಯಾದೆಯಲ್ಲೇ ಕರೆಯುವುದು. ಕೂಸಿಗೆ ತಟ್ಟದ ಕಾಲ್ಗುಣ ಬೆಸ್ತರ ತಂಡಕ್ಕೆ ಹೇಗೆ ತಟ್ಟಿತು ಎಂದು ತುಲಿಯೊ ಯಾವತ್ತೂ ತಲೆಕೆಡಿಸಿಕೊಂಡಿಲ್ಲ. ಗಿಡುಗರು ಬರುವ ದಿನ ಮಾತ್ರ ದಯವಿಟ್ಟು ಒಳಗೆ ಬರಬೇಡಿ ಎಂದು ಕೈಮುಗಿದು ಕೇಳಿಕೊಂಡರು. ಅವತ್ತಿನಿಂದ ಗಿಡುಗರ ಪಂದ್ಯದ ದಿನ ಕಾಸಿಲ್ದಾ ಗೇಟಿನ ಹೊರಗೆ, ಬಾದಾಮಿ ಮರದ ಕೆಳಗೆ. ಕಿವಿಗೆ ಪುಟ್ಟ ರೇಡಿಯೊ. ಗೋಡೆಯಾಚೆಯ ಗದ್ದಲ ಮೊದಲು ಕೇಳಿಸುತ್ತದೆ, ಏನಾಯಿತೆಂದು ರೇಡಿಯೊ ಆಮೇಲೆ ಹೇಳುತ್ತದೆ.

“ಜಗಳ ಆಡ್ಬಹುದಿತ್ತು. ಆಡ್ಲಿಲ್ಲ,” ಎನ್ನುತ್ತಾರೆ. “ಯಾಕಂದ್ರೆ ನನಗೂ ಒಳಗೊಳಗೇ ಅನುಮಾನ. ನನ್ನಿಂದ ಸೋತ್ರೆ? ಹಾಗಂತ ಹೊರಗೇ ಕೂತೆ. ಹೊರಗೆ ಕೂತ್ರೂ ಸೋತ್ರು, ಅದು ಬೇರೆ ಮಾತು.”

ಮಾತು ನಿಜ. ಕಾಸಿಲ್ದಾ ಹೊರಗಿದ್ದ ಅಷ್ಟೂ ವರ್ಷ ಬೆಸ್ತರು ಗಿಡುಗರಿಗೆ ಸೋಲುತ್ತಲೇ ಇದ್ದರು. ಇದನ್ನು ಯಾರಾದರೂ ಗಮನಿಸಬಹುದಿತ್ತು. ಗಮನಿಸಿದರು ಕೂಡ. ಆದರೆ ಅದರಿಂದ ಅವರು ಕಂಡುಕೊಂಡ ಸತ್ಯವೇ ಬೇರೆ.

ಭಾನುವಾರ ಒಂಬತ್ತು ಇನ್ನಿಂಗ್ಸಿನಲ್ಲಿ ಏಳು ಮುಗಿದಾಗ ಗಿಡುಗರದು ಎಂಟು ರನ್, ಬೆಸ್ತರದು ಒಂದು. ಡೋಲು ನಿಂತಿತು. ಹೆಂಗಸರು ಮಕ್ಕಳ ಕೈಹಿಡಿದು ಹೊರಗೆ ಬರತೊಡಗಿದರು. ಆ ಜನದ ನಡುವೆ ತುಲಿಯೊ ಬಾದಾಮಿ ಮರದ ಹತ್ತಿರ ಬಂದರು. ಕೈಯಲ್ಲಿ ಒಂದು ಟಿಕೆಟ್. ಅದು ಒಂದನೇ ಬೇಸಿನ ಕಡೆಯದು, ಗಿಡುಗರ ಅಭಿಮಾನಿಗಳು ಕೂರುವ ಕಡೆಯದು. ಮೇಳದವರೆಲ್ಲ ಕೂತು ಯೋಚಿಸಿದ್ದರು. ಫುಕೂ ಹೊರಗೆ ಇದ್ದರೆ ಸಾಲದು, ಅದನ್ನು ಎದುರಾಳಿಯ ಮಡಿಲಿಗೇ ಹಾಕಬೇಕು.

“ಕೊಮಾದ್ರೆ, ಒಂದು ಉಪಕಾರ ಮಾಡ್ಬೇಕು. ನೀವು ಆ ಕಡೆ ಹೋಗಿ ಕೂರ್ಬೇಕು.”

ಕಾಸಿಲ್ದಾರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಮುಖಕ್ಕೆ ಹೊಡೆದಂತಾಯಿತು.

“ನನ್ನೇನು ಇಲಿಪಾಷಾಣ ಅನ್ಕೊಂಡ್ರಾ ಕೊಂಪಾದ್ರೆ, ಬೇಕಾದ ಮೂಲೇಲಿ ಇಡೋಕೆ?”

ತುಲಿಯೊ ನೆಲ ನೋಡಿದರು. ಅವರ ಕಣ್ಣು ಕೆಂಪಾಗಿತ್ತು, ಕುಡಿದದ್ದಕ್ಕಲ್ಲ. “ಏಳು ರನ್ ಹಿಂದೆ ಇದ್ದೀವಿ. ಇನ್ನೇನಿದೆ ನಮ್ಮ ಹತ್ರ, ಹೇಳಿ.”

ಕಾಸಿಲ್ದಾ ಟಿಕೆಟ್ ತೆಗೆದುಕೊಂಡರು. ಯಾಕೆ ಎಂದು ಕೇಳಿದರೆ ಮುಚ್ಚುಮರೆಯಿಲ್ಲ. “ಅವಮಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಳಗೆ ಹೋಗು ಅಂದ್ರಲ್ಲ. ಎಷ್ಟು ವರ್ಷ ಆಗಿತ್ತು ಅದನ್ನ ಕೇಳಿ.”

ಆಚೆ ಕಡೆಯ ಮೆಟ್ಟಿಲುಗಳಲ್ಲಿ ಹಬ್ಬ ನಡೆದಿತ್ತು. ಕಪ್ಪು ಟೋಪಿಯ ಜನ ಆಗಲೇ ಗೆದ್ದವರಂತೆ ಒಬ್ಬರ ಕುತ್ತಿಗೆಗೆ ಒಬ್ಬರು ಜೋತುಬಿದ್ದಿದ್ದರು. ರಾಜಧಾನಿಯಿಂದ ಬಸ್ಸಿನಲ್ಲಿ ಬಂದಿದ್ದ ದಪ್ಪನೆಯ ಹೆಂಗಸೊಬ್ಬರು ಸರಿದು ಜಾಗ ಮಾಡಿಕೊಟ್ಟರು. ಕೂತ್ಕೋ ತಾಯಿ, ಕಾಲು ನೋವಾಗಿರುತ್ತೆ ಎಂದರು, ಐದು ಪೊಟ್ಟಣ ಕೊಂಡು ಸುತ್ತಲಿನವರಿಗೂ ಹಂಚಿದರು. ಗಿಡುಗರ ಪಂದ್ಯದಲ್ಲಿ ಕಾಸಿಲ್ದಾರಿಗೆ ಯಾರಾದರೂ ಜಾಗ ಬಿಟ್ಟುಕೊಟ್ಟದ್ದು ಅದೇ ಮೊದಲು.

ಎಂಟನೇ ಇನ್ನಿಂಗ್ಸಿನಲ್ಲಿ ಬೆಸ್ತರಿಗೆ ಒಂದು ರನ್ ಬಂತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ಬಂದಾಗ ಕಪ್ಪು ಟೋಪಿಯವರು ನಕ್ಕರು. ಐದಾದಾಗ ಹಾಡು ನಿಂತಿತು. ಗೇಟಿನವರೆಗೆ ಹೋಗಿದ್ದ ಹಸಿರು ಅಂಗಿಯ ಬೆಸ್ತರ ಜನ ಓಡುತ್ತ ವಾಪಸು ಬರತೊಡಗಿದರು. ಎಂಟು, ಆರು. ಕೊನೆಯ ಇನ್ನಿಂಗ್ಸ್. ಬೆಸ್ತರ ಇಬ್ಬರು ಔಟಾಗಿದ್ದರು, ಮೂರನೆಯವನು ಹೋದರೆ ಆಟ ಮುಗಿದಂತೆ; ಮೂರೂ ಬೇಸಿನ ಮೇಲೆ ಒಬ್ಬೊಬ್ಬ ಓಟಗಾರ. ಆಡಲು ಬಂದವನು ಆ ಸಂಜೆಯಿಡೀ ಚೆಂಡಿಗೆ ದಾಂಡು ಮುಟ್ಟಿಸಲಾಗದೆ ಬೈಸಿಕೊಂಡಿದ್ದ ಕ್ಯಾಚರ್. ಅವನು ಬೀಸಿದ. ಚೆಂಡು ಎಡಗಡೆಯ ಗೋಡೆಯ ಮೇಲಿನಿಂದ, ಸ್ಕೋರಿನ ಹಲಗೆಯ ಮೇಲಿನಿಂದ, ದೀಪದ ಕಂಬದಾಚೆ ಸಮುದ್ರದ ಕತ್ತಲೆಗೆ ಹೋಯಿತು. ಮೂವರು ಓಟಗಾರರು, ಹೊಡೆದವನು, ಸೇರಿ ಒಂದೇ ಏಟಿಗೆ ನಾಲ್ಕು ರನ್. ಹತ್ತು, ಎಂಟು. ಮುಗಿಯಿತು.

ಆಗಲೂ ಸದ್ದಿಲ್ಲ. ಸೋತವರ ಬಾಯಿ ಕಟ್ಟಿದ್ದು ಸಹಜ, ಗೆದ್ದವರ ಬಾಯಿಯೂ ಕಟ್ಟಿಹೋಗಿತ್ತು. ತುಲಿಯೊ ಡೋಲಿನ ಕೋಲನ್ನು ಎತ್ತಿದವರು ಎತ್ತಿದಂತೆಯೇ ನಿಂತಿದ್ದರು. ಓಟಗಾರರು ಒಬ್ಬರ ಹಿಂದೊಬ್ಬರು ಓಡಿಬರುವ ಹೆಜ್ಜೆಯ ಸಪ್ಪಳ ಮೆಟ್ಟಿಲುಗಳವರೆಗೆ ಕೇಳಿಸಿತು. ಗೇಟ್ ಕಾಯುವ ನಿಕಾನೋರ್ ಪಕ್ಕದವರನ್ನು ಯಾರು ಗೆದ್ದದ್ದು ಎಂದು ಕೇಳಿದರಂತೆ, ಆಟವನ್ನು ಕಣ್ಣಾರೆ ನೋಡುತ್ತಿದ್ದರೂ. ಎಲ್ಲೋ ಮುದುಕರೊಬ್ಬರು ಜೋರಾಗಿ ಅಳತೊಡಗಿದಾಗ ಊರಿಗೆ ಉಸಿರು ಬಂತು. ಆಮೇಲೆ ಎದ್ದ ಕೂಗಿಗೆ ಬಂದರಿನ ನಾಯಿಗಳೆಲ್ಲ ಬೊಗಳಿದವು.

ಕಾಸಿಲ್ದಾ ಕೂಗಲಿಲ್ಲ. ಕೂಗಲೆಂದು ಬಾಯಿ ತೆರೆದಾಗ ಪಕ್ಕದ ಹೆಂಗಸು ಅವರ ಹೆಗಲಿಗೆ ತಲೆಯಿಟ್ಟು ಬಿಕ್ಕುತ್ತಿದ್ದರು.

“ನನ್ನ ಎದೆ ಒಡೆದುಹೋಗೋ ಹಾಗೆ ಬಡ್ಕೋತಿತ್ತು. ಆದ್ರೆ ಅವರ ಮುಂದೆ ಹ್ಯಾಗೆ ಕೂಗೋದು? ಜಾಗ ಕೊಟ್ಟಿದ್ರಲ್ಲ. ಬೆನ್ನು ಸವರ್ತಾ ಕೂತೆ,” ಎನ್ನುತ್ತಾರೆ. “ಎದುರುಗಡೆ ನಮ್ಮೋರು ಕುಣೀತಿದ್ರು. ಅಷ್ಟು ದೂರದಿಂದ ಯಾರು ಯಾರು ಅಂತ ಕೂಡ ಗೊತ್ತಾಗ್ತಿರಲಿಲ್ಲ.”

ಬಳಿಕ ನಡೆದದ್ದು ಇನ್ನೂ ವಿಚಿತ್ರ. ಹಸಿರು ಅಂಗಿಯವರು ಮೈದಾನ ದಾಟಿ ಬಂದು ಕಾಸಿಲ್ದಾರನ್ನು ಹೆಗಲ ಮೇಲೆ ಎತ್ತಿಕೊಂಡರು. ಸೋತ ತಂಡದ ಹೆಸರಿನಲ್ಲಿ ಖಾಲಿ ಶವಪೆಟ್ಟಿಗೆ ಹೊತ್ತು ಮೆರವಣಿಗೆ ಹೋಗುವುದು ಇಲ್ಲಿನ ಪದ್ಧತಿ. ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆ ಮುಂದೆ, ಕಡಲೆಕಾಯಿ ಡಬ್ಬದ ಸಮೇತ ಕಾಸಿಲ್ದಾ ಹಿಂದೆ. ಬೀದಿಯುದ್ದಕ್ಕೂ ಪಾತ್ರೆ ಬಡಿಯುತ್ತ ಜನ ಅವರನ್ನು ಪ್ರೀತಿಯಿಂದ ಕರೆದದ್ದು ಒಂದೇ ಹೆಸರಿನಿಂದ: ಫುಕೂ, ಫುಕೂ, ಫುಕೂ. ಈವರೆಗೆ ಅನುಮಾನವಿತ್ತು, ಈಗ ರುಜುವಾತಾಯಿತಲ್ಲ ಎಂದು ನಿಕಾನೋರ್ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹೊಗಳಿಕೆಯೋ ಬೈಗುಳವೋ ತಿಳಿಯದೆ ಕಾಸಿಲ್ದಾ ಮೇಲಿನಿಂದ ಕಣ್ಣುಕಣ್ಣು ಬಿಡುತ್ತಿದ್ದರು. ಇಷ್ಟು ಜನರ ಪ್ರೀತಿ ಅವರಿಗೆ ನುಂಗಲಾರದ ತುತ್ತಾಗಿತ್ತು.

ಒಲೆಯ ಮುಂದೆ ಈ ಕಥೆ ಮುಗಿಯುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ತುಲಿಯೊ ಕಾಣಿಸಿಕೊಳ್ಳುತ್ತಾರೆ. ಕೂಗಿ ಕೂಗಿ ಗಂಟಲು ಹೋಗಿದೆ. ಶುಕ್ರವಾರ ಇದೇ ಮೈದಾನದಲ್ಲಿ ಫೈನಲ್, ಉತ್ತರದ ತಂಡದ ಮೇಲೆ. ಎದುರಾಳಿ ಗಿಡುಗರಲ್ಲದಿದ್ದರೂ ಫುಕೂ ಫುಕೂವೇ ಎಂಬುದು ನಿನ್ನೆಯಿಂದ ಊರಿನ ತೀರ್ಮಾನ. ಜೇಬಿನಿಂದ ಟಿಕೆಟ್ ತೆಗೆಯುತ್ತಾರೆ. ಒಂದನೇ ಬೇಸಿನ ಕಡೆಯದು, ಮೊದಲನೇ ಸಾಲಿನದು, ಊರೆಲ್ಲ ಸೇರಿ ಕೊಂಡದ್ದು.

ಕಾಸಿಲ್ದಾ ಸೌಟು ಕೆಳಗಿಡುವುದಿಲ್ಲ. “ನಾನು ಆ ಕಡೆ ಹೋಗಲ್ಲ, ಕೊಂಪಾದ್ರೆ.”

ತುಲಿಯೊ ಬೆಚ್ಚಿ ಅವರ ಮುಖ ನೋಡುತ್ತಾರೆ. ನಿನ್ನೆಯ ಚೆಂಡಿಗಿಂತ ಇದೇ ಅವರಿಗೆ ದೊಡ್ಡ ಆಘಾತವಾದಂತಿದೆ. ಹಾಗಾದರೆ ಮರದ ಕೆಳಗೇ ಇರುತ್ತೀರಾ ಎಂದು ಕೇಳುತ್ತಾರೆ.

“ಇಲ್ಲ. ನಮ್ಮ ಗೇಟಿಂದ ಒಳಗೆ ಬರ್ತೀನಿ. ನಮ್ಮ ಮೆಟ್ಲ ಮೇಲೆ ಇರ್ತೀನಿ.”

ಬಾಣಲೆಯಲ್ಲಿ ಕಡಲೆಕಾಯಿ ಚಟಪಟ ಎನ್ನುತ್ತಿದೆ.

“ಸೋತ್ರೆ ಈ ಜನ ನಿಮ್ಮನ್ನ ಸುಮ್ಮನೆ ಬಿಡಲ್ಲ, ಕೊಮಾದ್ರೆ,” ಎನ್ನುತ್ತಾರೆ ತುಲಿಯೊ. ಅವರ ದನಿಯಲ್ಲಿ ಬೆದರಿಕೆಯಿಲ್ಲ, ಭಯವಿದೆ. “ಬಸ್ ನಿಲ್ದಾಣದಲ್ಲೂ ಯಾರೂ ನಿಮ್ಮ ಹತ್ರ ಕೊಳ್ಳಲ್ಲ. ನಾನು ತಡೆಯೋಕೆ ಹೋದ್ರೂ ಕೇಳಲ್ಲ.”

“ಗೊತ್ತು.”

ತುಲಿಯೊ ಟಿಕೆಟನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋಗುತ್ತಾರೆ. ಕಾಸಿಲ್ದಾ ಹುರಿದ ಕಾಯನ್ನು ಗೋಣಿಯ ಮೇಲೆ ಸುರಿಯುತ್ತಾರೆ. ಈ ಸಲದ ಬಾಣಲೆ ಹೊಂಬಣ್ಣಕ್ಕೆ ಬಂದಿದೆ. ಹೆದರಿಕೆಯಿಲ್ಲವೇ ಎಂದು ಕೇಳಿದರೆ ಕಾಯನ್ನು ಗೋಣಿಯ ಮೇಲೆ ಹರಡುತ್ತಲೇ ಉತ್ತರಿಸುತ್ತಾರೆ.

“ಇದೆಯಪ್ಪ, ಯಾಕಿರಲ್ಲ. ಆದ್ರೆ ಗೆದ್ದಿದ್ದನ್ನ ಪರರ ಮಧ್ಯೆ ಬಾಯಿ ಮುಚ್ಕೊಂಡು ನೋಡಿದ್ದಾಯ್ತು,” ಎನ್ನುತ್ತಾರೆ. “ಇನ್ನು ಸೋಲೋದಾದ್ರೂ ಸರಿ, ನಮ್ಮೋರ ಜೊತೆ ನಿಂತು ಸೋಲ್ಬೇಕು.”